ಎದೆಮಟ್ಟ ನೀರು

ಪರದೆ ತೂಗುಹಾಕಲೆಂದು ಏಣಿ ಹತ್ತಿದವಳು ಬಿದ್ದೆ. ಮೂಳೆ ಕೂಡಿತು, ಮಂಡಿ ಮಾತ್ರ ಮಡಚಲಿಲ್ಲ. ಕಾಲೇ ಕೈಕೊಟ್ಟರೆ ಯಾರನ್ನು ದೂರುವುದು? ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು: ಎದೆಮಟ್ಟ ನೀರಿನಲ್ಲಿ ದಿನವೂ ನಡೆದರೆ ಮಂಡಿ ಬಗ್ಗೀತು, ಇಲ್ಲದಿದ್ದರೆ ಕೋಲೇ ಗತಿ. ನಾನು ದರ್ಜಿ. ಕೋಲು ಹಿಡಿದು ಹೊಲಿಗೆ ಯಂತ್ರ ತುಳಿದವರನ್ನು ನಾನಂತೂ ಕಂಡಿಲ್ಲ.

ನಮ್ಮ ಹಿತ್ತಲಲ್ಲಿ ಈಜುಕೊಳವಿದೆ ಎಂದರೆ ಜನ ನಮ್ಮನ್ನು ಭಾರೀ ಕುಳ ಎಂದುಕೊಳ್ಳುತ್ತಾರೆ. ಅದು ಮನೆ ಮಾರಿದವನ ಶೋಕಿ. ನಮ್ಮ ಕಾಲದಲ್ಲಿ ಅದರೊಳಗಿದ್ದದ್ದು ಮುರಿದ ಕುರ್ಚಿ, ಒಣಗಿದ ಎಲೆ ಮತ್ತು ಒಂದು ಬೆಕ್ಕಿನ ಸಂಸಾರ. ಎಲ್ಲ ಎತ್ತಿಸಿ, ತೊಳೆಸಿ, ಬಿರುಕಿಗೆ ಸಿಮೆಂಟು ಮೆತ್ತಿಸಿದೆ. ನಲ್ಲಿ ನೀರನ್ನು ಕೊಳಕ್ಕೆ ಬಿಡುವಂತಿಲ್ಲ ಎಂದು ನೀರಿನ ಕಚೇರಿಯವರು ಹೇಳಿಬಿಟ್ಟರು. ಉಳಿದದ್ದು ಬಾವಿ. ಬಾವಿ ಎಂದರೆ ನಮ್ಮತ್ತೆ.

ಅತ್ತೆಯ ತರಕಾರಿ ಮಡಿಗಳು ಬದುಕಿರುವುದೇ ಆ ಬಾವಿಯಿಂದ. ಬೇಸಿಗೆ ಹತ್ತಿರ ಬಂದರೆ ನೀರು ತಳ ಹಿಡಿಯುತ್ತದೆ. ನನ್ನ ಮಾತು ಕೇಳಿದವರೇ ಮುಖ ಊದಿಸಿಕೊಂಡು ಬಾವಿಕಟ್ಟೆಯ ಮೇಲೆ ಕೂತರು. ನಾನೂ ಬಿಡಲಿಲ್ಲ, ಕೋಲೂರಿಕೊಂಡು ಹೋಗಿ ಪಕ್ಕದಲ್ಲೇ ಕೂತೆ. ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿದ ನಮ್ಮ ಯಜಮಾನರು ಒಮ್ಮೆ ಅಮ್ಮನಿಗೆ, ಒಮ್ಮೆ ನನಗೆ ತಲೆಯಾಡಿಸುತ್ತ ನಿಂತರು. ಕೊನೆಗೆ ಅತ್ತೆ ಒಪ್ಪಿದ್ದು ಷರತ್ತಿನ ಮೇಲೆ: ಎದೆಮಟ್ಟ ಅಂದರೆ ಎದೆಮಟ್ಟ, ಅದರ ಮೇಲೆ ಒಂದು ಚೊಂಬೂ ಇಲ್ಲ. ತಾವೇ ಕೊಳಕ್ಕಿಳಿದು ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು ಬಂದರು.

ಬಾವಿ ಒಂದೇ ಸಲಕ್ಕೆ ಕೊಡುವಂಥದಲ್ಲ. ಪಂಪು ಹಾಕಿ, ತಳದ ಕಲ್ಲು ಕಂಡೊಡನೆ ನಿಲ್ಲಿಸಿ, ಒರತೆ ಮತ್ತೆ ಏರುವ ತನಕ ಕಾಯಬೇಕು. ಬಗ್ಗಿ ನೋಡುವ ಕೆಲಸ ಅತ್ತೆಯದು, ಸ್ವಿಚ್ಚು ಒತ್ತುವುದು ನನ್ನದು. ಎಷ್ಟೋ ದಿನ ಹೀಗೇ ಕಳೆದ ಮೇಲೆ ನೀರು ಗೆರೆ ಮುಟ್ಟಿತು. ಕನ್ನಡಿಯಂಥ ನೀರು ನೋಡಿ ಯಜಮಾನರಿಗೆ ಹುರುಪು ಬಂತು. ನನ್ನನ್ನೊಂದು ಮಾತು ಕೇಳದೆ ಕ್ಲೋರಿನ್ ಪುಡಿಯ ಡಬ್ಬಿಯನ್ನೇ ಬಗ್ಗಿಸಿದರು. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶವಿದೆ, ಕ್ಲೋರಿನ್ ತಾಗಿದರೆ ಅದು ತುಕ್ಕಾಗುತ್ತದೆ. ಸಂಜೆಯಾಗುವಷ್ಟರಲ್ಲಿ ಕೊಳವೆಲ್ಲ ಕಡು ಚಹಾದ ಬಣ್ಣಕ್ಕೆ ತಿರುಗಿತ್ತು.

ಖಾಲಿ ಮಾಡಿ ಮತ್ತೆ ತುಂಬಿಸೋಣ ಎಂದರು ಯಜಮಾನರು. ಬೇಸಿಗೆ ಬಾಗಿಲಿಗೆ ಬಂದಿರುವಾಗ ಬಾವಿ ಮತ್ತೊಮ್ಮೆ ಅಷ್ಟು ಕೊಡುತ್ತದೆಯೇ? ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಒಂದು ತೊಟ್ಟೂ ಹೊರಗೆ ಹೋಗಕೂಡದು ಎಂದೆ. ಪಕ್ಕದ ಮನೆಯಿಂದ ಸಣ್ಣ ಪಂಪು ಕೇಳಿ ತರಿಸಿದೆ. ಕೊಳದ ನೀರನ್ನೇ ಎತ್ತಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಕೊಳಕ್ಕೇ ಬಿಡುವುದು ನನ್ನ ಲೆಕ್ಕಾಚಾರ. ಯಂತ್ರ ತುಳಿಯಲಾಗದ್ದಕ್ಕೆ ಕೈಹೊಲಿಗೆಯಲ್ಲೇ ದಪ್ಪ ಬಟ್ಟೆಯ ಚೀಲಗಳನ್ನು ಹೊಲಿದು ಪೈಪಿನ ಬಾಯಿಗೆ ಕಟ್ಟಿದೆ. ಚೀಲ ತುಕ್ಕಿನ ಕೆಸರು ತುಂಬಿ ಜೋತುಬಿದ್ದಾಗ ಬಿಚ್ಚಿ ಒಗೆದು ಮತ್ತೆ ಕಟ್ಟುತ್ತಿದ್ದೆ. ಅತ್ತೆ ಮೊದಮೊದಲು ಮೂಗು ಮುರಿದರು. ಆಮೇಲೆ ಒಂದು ಬೆಳಿಗ್ಗೆ ತಾವೇ ಬಂದು ಚೀಲ ಒಗೆಯಲು ಕೂತರು. ಇಬ್ಬರ ಉಗುರೂ ಕಂದಾದ ಮೇಲೆ ಅಂತೂ ಕೊಳದ ತಳ ಕಂಡಿತು.

ಕೋಲನ್ನು ದಡದಲ್ಲಿಟ್ಟು, ಯಜಮಾನರ ಭುಜ ಹಿಡಿದು ಇಳಿದೆ. ತಳದಲ್ಲಿ ನಿಂತು ನೋಡಿಕೊಂಡರೆ ನೀರು ಸೊಂಟದ ಹತ್ತಿರವಿತ್ತು. ಅತ್ತೆ ಗೆರೆ ಎಳೆದದ್ದು ತಮ್ಮ ಎದೆಯ ಮಟ್ಟಕ್ಕೆ. ಅವರು ಗಿಡ್ಡ, ನಾನೋ ಮದುವೆಯಾಗಿ ಬಂದ ದಿನದಿಂದ ಅವರ ಬಾಯಲ್ಲಿ ‘ಕಂಬ’. ಯಾರ ಎದೆಮಟ್ಟ ಎಂದು ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಊರವರ ಎದೆ ಸೊಂಟ ಅಳೆದೇ ಹೊಟ್ಟೆ ಹೊರೆಯುವ ನನಗೂ ಹೊಳೆದಿರಲಿಲ್ಲ.

ಒಂದು ಹೆಜ್ಜೆ ಇಟ್ಟೆ. ಮೈಭಾರವೆಲ್ಲ ಮಂಡಿಯ ಮೇಲೇ ಬಿದ್ದು, ನೋವಿಗೆ ಕಣ್ಣು ಕತ್ತಲಿಟ್ಟಿತು. ಅತ್ತೆಯ ಷರತ್ತಿಗೆ ಒಪ್ಪಿಕೊಂಡ ಮೇಲೆ ಇನ್ನಷ್ಟು ನೀರು ಕೇಳಲು ಬಾಯಿ ಬರಲಿಲ್ಲ. ಇಷ್ಟರಲ್ಲೇ ನಡೆಯುತ್ತೇನೆ ಎಂದು ಹಲ್ಲು ಕಚ್ಚಿ ಎರಡನೆಯ ಹೆಜ್ಜೆ ಇಟ್ಟೆ. ಅತ್ತೆ ದಡದಲ್ಲಿ ನಿಂತು ಒಮ್ಮೆ ಗೆರೆಯನ್ನು, ಒಮ್ಮೆ ನನ್ನ ಮುಖವನ್ನು ನೋಡಿದರು.

“ನಿಲ್ಲು, ಕಂಬ,” ಎಂದರು. “ಡಾಕ್ಟ್ರು ಹೇಳಿದ್ದು ನಿನ್ನ ಎದೆ. ನನ್ನದಲ್ಲ.”

“ನಿಮ್ಮ ಗಿಡಗಳು, ಅತ್ತೆ?”

“ಗಿಡ ಮುಂದಿನ ವರ್ಷಾನೂ ಹಾಕ್ಬಹುದು. ನೀರು ಕಂದಾದ್ರೆ ಮತ್ತೆ ಸೋಸಿದ್ರಾಯ್ತು. ನೀನು ನಡೀತಿರು.”

ಅವರೇ ಹೋಗಿ ಬಾವಿಯ ಪಂಪಿನ ಸ್ವಿಚ್ಚು ಒತ್ತಿದರು. ತಣ್ಣನೆಯ ನೀರು ಪೈಪಿನಿಂದ ನನ್ನ ಬೆನ್ನ ಮೇಲೆ ಬಿತ್ತು. ನಾನು ಅಳುತ್ತಲೇ ಮೂರನೆಯ ಹೆಜ್ಜೆ ಇಟ್ಟೆ.