ತೆಗೆಯಲು ಮರೆತ ತಡೆ

ನೆದರ್ಲೆಂಡ್ಸಿನ ಹಾರ್ಲೆಮಿನಲ್ಲಿ ಹುಟ್ಟುಹಬ್ಬಕ್ಕೆ ಹೋದವರು ಆ ದಿನ ಹುಟ್ಟಿದವನಿಗಷ್ಟೇ ಅಭಿನಂದನೆ ಹೇಳಿ ಕೂರುವಂತಿಲ್ಲ. ಸುತ್ತ ಹಾಕಿದ ಕುರ್ಚಿಗಳ ಮುಂದೆ ಸಾಗಿ ಮನೆಮಂದಿಗೆಲ್ಲ ಕೈಕುಲುಕಬೇಕು. "ನಿನ್ನ ತಮ್ಮನ ಹುಟ್ಟುಹಬ್ಬಕ್ಕೆ ಅಭಿನಂದನೆ" ಎಂದವರಿಗೆಲ್ಲ ನೀಂಕೆ ಹಲ್ಲು ಬಿಟ್ಟು ತಲೆಯಾಡಿಸಿದಳು. ಕಣ್ಣು ಮಾತ್ರ ತಮ್ಮನನ್ನೇ ಹುಡುಕುತ್ತಿತ್ತು.

ತಮ್ಮ ಸೀಬ್ರನ್‌ಗಿದ್ದದ್ದು ಅಪ್ಪನನ್ನು ನುಂಗಿದ ರೋಗವೇ. ರಕ್ತದಲ್ಲಿನ ಒಂದು ಪ್ರೋಟೀನು ಮುರಿದು ಹೃದಯದಲ್ಲಿ ಗಟ್ಟಿಯಾಗಿ ಕೂರುತ್ತದೆ. ಹೊಸ ಮದ್ದೊಂದು ಆ ಪ್ರೋಟೀನಿನ ಕುಳಿಯಲ್ಲಿ ನಿಂತು ಅದನ್ನು ಮುರಿಯದಂತೆ ಹಿಡಿದೀತೇ ಎಂದು ಕಂಪ್ಯೂಟರಿನಲ್ಲಿ ನೋಡುವುದು ಆಮ್‌ಸ್ಟರ್‌ಡ್ಯಾಮಿನಲ್ಲಿ ನೀಂಕೆಯ ಕೆಲಸ. ಮದ್ದಿನ ಅಣು ತಾನಾಗಿ ಹೊರಬೀಳುವುದು ಬಲು ಅಪರೂಪ. ಕಾಯುತ್ತ ಕೂತರೆ ಆಯುಸ್ಸು ಸಾಲದು, ಹಾಗಾಗಿ ಎಷ್ಟು ಬಿಗಿಯಾಗಿ ನಿಂತಿದೆ ಎಂದು ತಿಳಿಯಲು ಅದನ್ನು ಮೆಲ್ಲಗೆ ನೂಕುತ್ತಾರೆ. ತಯಾರಿಯ ಹೊತ್ತಿನಲ್ಲಿ ಅಣು ಸುತ್ತಲಿನ ನೀರಿಗೆ ಜಾರದಿರಲೆಂದು ಕುಳಿಯ ಬಾಯಿಗೆ ಲೆಕ್ಕದಲ್ಲೇ ಒಂದು ತಡೆ ಹಾಕಿ, ನೂಕುವ ಮೊದಲು ತೆಗೆಯುತ್ತಾರೆ. ನೀಂಕೆ ತೆಗೆದಿರಲಿಲ್ಲ.

ಎಷ್ಟು ನೂಕಿದರೂ ಮದ್ದು ಕದಲಲಿಲ್ಲ. ಕದಲುವುದಾದರೂ ಹೇಗೆ? ಆದರೆ ಅವಳು ಕಚೇರಿಗೆಲ್ಲ ಕೇಕು ಹಂಚಿ, ತಮ್ಮನಿಗೆ ಫೋನು ಮಾಡಿ, "ಬಿಡೋದೇ ಇಲ್ಲ ಕಣೋ, ಅಂಟಿಕೊಂಡು ಕೂತಿದೆ" ಎಂದಿದ್ದಳು. ತಪ್ಪು ಗೊತ್ತಾದದ್ದು ನಿನ್ನೆ.

ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಸೀಬ್ರನ್‌ಗೆ ಎಲ್ಲವನ್ನೂ ಹೇಳಿದಳು. ಅವನು ಕಾಫಿ ಪಾತ್ರೆ ಕೆಳಗಿಟ್ಟ.

"ತಡೆ ತೆಗೆದ ಮೇಲೆ?"

"ನಿಲ್ಲಲೇ ಇಲ್ಲ ಕಣೋ. ಮುಟ್ಟಿದ ಕೂಡಲೇ ಹೊರಗೆ ಬಂತು. ನೀನು ಹೃದಯ ಬದಲಿಸೋ ಸರದೀಲಿ ಇದ್ದೀಯಲ್ಲ, ಅಷ್ಟು ಸಾಕು. ಈ ಮದ್ದನ್ನ ಮರೆತುಬಿಡು."

ಸೀಬ್ರನ್ ಕುರ್ಚಿ ಎಳೆದುಕೊಂಡು ಕೂತ. ಈಚೆಗೆ ನಾಲ್ಕು ಮಾತಾಡಿದರೆ ಅವನಿಗೆ ಏದುಸಿರು.

"ಸರದಿ ಬಿಟ್ಟೆ, ಅಕ್ಕ. ಚಳಿಗಾಲದಲ್ಲೇ, ನಿನ್ನ ಫೋನು ಬಂದ ಮೇಲೆ. ರೋಗಿಗಳ ಮೇಲೆ ನಡೆಸೋ ಈ ಮದ್ದಿನ ಪ್ರಯೋಗಕ್ಕೆ ಸೇರೋರು ಸರದೀಲಿ ಇರೋ ಹಾಗಿಲ್ಲ ಅಂದ್ರು."

"ಮತ್ತೆ ಸೇರಿಸ್ಕೊಳ್ಳಲ್ವಾ?"

"ಈಗ ಶ್ವಾಸಕೋಶಾನೂ ಕೆಟ್ಟಿದೆ. ಸೇರಿಸ್ಕೊಳ್ಳಲ್ಲ."

ನೀಂಕೆ ಅವನ ತೋಳು ಹಿಡಿದಳು. "ನಂಗೆ ಯಾಕೋ ಹೇಳಲಿಲ್ಲ?"

"ಹೇಳಿದ್ರೆ ನೀನು ಹೆದರ್ಕೊಂಡು ಬೇಡ ಅಂತಿದ್ದೆ." ಅವನು ಉಸಿರು ಸುಧಾರಿಸಿಕೊಂಡ. "ಡಾಕ್ಟ್ರು ಎರಡೆರಡು ಸಲ ಕೇಳಿದ್ರು, ಯೋಚನೆ ಮಾಡಿದ್ದೀಯಾ ಅಂತ. ನಮ್ಮಕ್ಕ ಲೆಕ್ಕ ತಪ್ಪೋಳಲ್ಲ ಅಂದೆ."

ಅವಳು ಅವನ ಕಾಲ ಬಳಿ ಕುಸಿದು ಅತ್ತಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟ.