ಪೋತ್ನಾಳದ ಇಬ್ಬರು ಉಮೇದುವಾರರು

"ನೀ ನಿಂತ್ರ ಎಷ್ಟು ಓಟು ಬೀಳ್ತಾವ ಅಂತ ಲೆಕ್ಕ ಹಾಕೀಯೇನು?" ಆದೆಮ್ಮ ಕೇಳಿದಳು.

"ಇಲ್ರಿ," ಎಂದಳು ವಿಶಾಖಾ. ಹದಿನೈದು ದಿನದಿಂದ ಅದೊಂದನ್ನೇ ಯೋಚಿಸುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ.

ಮಾನ್ವಿಯ ತಹಶೀಲ್ದಾರ್ ಕಚೇರಿಯ ವರಾಂಡದಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಇಬ್ಬರ ಕೈಯಲ್ಲೂ ನಾಮಪತ್ರ ವಾಪಸ್ ಪಡೆಯುವ ಅರ್ಜಿ. ಒಂದರ ಕೆಳಗೆ ಸಹಿ, ಇನ್ನೊಂದರ ಕೆಳಗೆ ಹೆಬ್ಬೆಟ್ಟು. ಆದೆಮ್ಮ ರೈತರ ಪಕ್ಷದವಳು, ಕುರಿಗಾರರ ಮನೆಯ ಹೆಂಗಸು, ಐವತ್ತು ದಾಟಿತ್ತು. ವಿಶಾಖಾ ಕೂಲಿಕಾರರ ಪಕ್ಷದವಳು, ಎಂ.ಎ. ಓದಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು.

ಇಪ್ಪತ್ತೆರಡು ದಿನಗಳ ಹಿಂದೆ ರಾಯಚೂರಿನಲ್ಲಿ ನಾಲ್ಕು ಸಣ್ಣ ಪಕ್ಷಗಳು ಸೇರಿ ಒಂದು ರಂಗ ಕಟ್ಟಿದ್ದವು. ಕ್ಷೇತ್ರಕ್ಕೆ ಒಬ್ಬರೇ ಎಂಬುದು ಕರಾರು. ಆದರೆ ಯಾರಿಗೂ ಯಾರ ಮೇಲೂ ನಂಬಿಕೆಯಿರಲಿಲ್ಲ. ಹಾಗಾಗಿ ಪೋತ್ನಾಳ ಜಿಲ್ಲಾ ಪಂಚಾಯಿತಿ ಕ್ಷೇತ್ರಕ್ಕೆ ಇಬ್ಬರಿಂದಲೂ ನಾಮಪತ್ರ ಹಾಕಿಸಿದ್ದರು. ಇವತ್ತು ಮೂರು ಗಂಟೆಯೊಳಗೆ ಒಬ್ಬರು ಸರಿಯಬೇಕು. ಯಾರೆಂದು ರಾಯಚೂರಿನಿಂದ ಫೋನು ಬರಬೇಕು. ಇಬ್ಬರೂ ಉಳಿದರೆ ಓಟು ಒಡೆದು, ಈ ಸಲವೂ ರೈಸ್‌ಮಿಲ್ಲಿನವರ ಸೊಸೆಯೇ ಗೆಲ್ಲುತ್ತಾಳೆ.

ಕೂಲಿಕಾರರ ಪಕ್ಷದ ಕಾರ್ಯದರ್ಶಿ ತಾಯಣ್ಣ ಗೇಟಿನ ಕಡೆಯಿಂದ ಬಂದ. "ದೇವದುರ್ಗದ ಒಂದು ಸೀಟಿಗೆ ಜಗಳ ಹತ್ಯಾದಂತ. ಫೋನ್ ಬರೂತನ ನೀ ಏಳಬ್ಯಾಡವ್ವ."

"ಏಳಂಗಿಲ್ಲ ಕಾಕಾ."

"ನನಗೂ ಹಂಗ ಹೇಳ್ಯಾರ," ಆದೆಮ್ಮ ನಕ್ಕಳು. "ಇಬ್ರನ್ನೂ ಗೂಟಕ್ಕ ಕಟ್ಟಿ ಹೋಗ್ಯಾರ ನೋಡು."

ತಾಯಣ್ಣ ಮತ್ತೆ ಗೇಟಿಗೆ ಹೋದ. ಆದೆಮ್ಮ ತನ್ನ ಅರ್ಜಿ ಮುಂದೆ ಹಿಡಿದಳು. "ಇದ್ರಾಗ ಏನು ಬರದಾರ, ಓದು."

ವಿಶಾಖಾ ಓದಿದಳು. ಆದೆಮ್ಮ ಅವಳ ಬಾಯಿ ನೋಡುತ್ತಾ ಕೇಳಿಸಿಕೊಂಡಳು. "ಹಿಂದ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ. ಐದು ವರ್ಷ, ಹೆಬ್ಬೆಟ್ಟು ಒತ್ತು ಅಂದಲ್ಲಿ ಒತ್ತಿದೆ. ಏನು ಒತ್ತಿದ್ನೋ ಇವತ್ತಿಗೂ ಗೊತ್ತಿಲ್ಲ."

"ಮತ್ತ ಈಗ್ಯಾಕ ನಿಂತ್ರಿ?"

"ಮಂದಿ ಗುರ್ತು ಅದ ಅಂತ ನಿಲ್ಲಿಸ್ಯಾರ. ಪೋತ್ನಾಳದಿಂದ ಮಲ್ಲಟದ ತನಕ ಯಾರ ಹೊಲದಾಗ ಗೊಬ್ಬರಕ್ಕಂತ ರಾತ್ರಿ ನಮ್ಮ ಕುರಿ ತರುಬಿಲ್ಲ ಕೇಳು. ನಿನ್ನ ಯಾರು ಬಲ್ಲರವ್ವಾ?"

"ನನ್ನ ಹತ್ರ ಓದಿದೋರು."

"ಅವ್ರು ಊರಾಗ ಅದಾರೇನು?"

ವಿಶಾಖಾ ಒಬ್ಬೊಬ್ಬರನ್ನೇ ನೆನೆಸಿಕೊಂಡಳು. ಹೆಚ್ಚಿನವರು ದುಡಿಯಲು ಪುಣೆಗೆ ಹೋಗಿದ್ದರು.

ಎರಡೂವರೆಗೆ ಆದೆಮ್ಮ ನೀರು ಕುಡಿದು ಬರುತ್ತೇನೆಂದು ಎದ್ದಳು. ಕಾಲು ಗಂಟೆಯಾದರೂ ಬರಲಿಲ್ಲ. ಫೋನೂ ಬರಲಿಲ್ಲ. ಬೋರ್ಡಿಗೆ ಅಂಟಿಸಿದ್ದ ಪಟ್ಟಿಯಲ್ಲಿ ತನ್ನ ಹೆಸರು ಐದನೆಯದು. ವಿಶಾಖಾ ಅದನ್ನು ಒಮ್ಮೆ ಓದಿ ಒಳಗೆ ಹೋದಳು. ಅರ್ಜಿ ಕೊಟ್ಟಳು.

ಗುಮಾಸ್ತ ಮುದ್ರೆ ಒತ್ತಿ ತಲೆಯೆತ್ತಿದ. "ಇಬ್ರೂ ವಾಪಸ್ ತಗೊಂಡ್ರೇನ್ರಿ?"

"ಇಬ್ರೂ ಅಂದ್ರ?"

ಅವನು ಕೆಳಗಿನ ಹಾಳೆ ತೋರಿಸಿದ. ಆದೆಮ್ಮನ ಹೆಬ್ಬೆಟ್ಟು.

"ನಂದು ವಾಪಸ್ ಕೊಡಾಕ ಬರ್ತದೇನ್ರಿ?"

"ಒಮ್ಮಿ ಕೊಟ್ರ ಮುಗೀತ್ರಿ."

ತನಗೆ ಎಷ್ಟು ಓಟು ಬೀಳುತ್ತಿದ್ದವು ಎಂಬುದು ಇನ್ನು ಯಾವತ್ತೂ ತಿಳಿಯುವುದಿಲ್ಲ. ಅವಳು ಕಿಟಕಿಯ ಸರಳು ಹಿಡಿದು ನಿಂತಳು.

ತಾಯಣ್ಣ ಓಡಿ ಬಂದ. "ರಂಗ ಮುರೀತು! ಯಾರೂ ವಾಪಸ್ ತಗೋಬ್ಯಾಡ್ರಿ ಅಂತ ಹೇಳ್ಯಾರ. ಅರ್ಜಿ ಎಲ್ಲದ?"

ಆಮೇಲೆ ಗೇಟಿನಲ್ಲಿ ದೊಡ್ಡ ಗದ್ದಲ. ನಿಮ್ಮಾಕಿ ಕೆಡಿಸಿದಳು ಎಂದು ಇವರು, ನಿಮ್ಮಾಕಿ ಎಂದು ಅವರು. ಎರಡೂ ಪಕ್ಷದ ಜೀಪುಗಳು ಇಬ್ಬರು ಹೆಂಗಸರನ್ನು ಅಲ್ಲೇ ಬಿಟ್ಟು ಹೋದವು.

ಪೋತ್ನಾಳದ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಊರು ಹತ್ತಿರವಾಯಿತು.

"ನೀ ಓದಿದಾಕಿ ಅದಿ, ನನ್ನಂಗಲ್ಲ, ಕೇಳಿ ಒತ್ತತಿ ಅಂತ ಅರ್ಜಿ ಕೊಟ್ಟೆ," ಆದೆಮ್ಮ ಹೇಳಿದಳು. "ನೀ ಯಾಕ ಕೊಟ್ಟಿ ಬೇ?"

"ನೀವು ಗೆಲ್ತೀರಿ ಅನ್ನಿಸ್ತು."

"ಹುಚ್ಚಿ."

ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿದ್ದರು. ಬಸ್ಸು ನಿಧಾನವಾಯಿತು. ಕಾಲಿನಿಂದ ಭತ್ತ ತಿರುವುತ್ತಿದ್ದ ಹೆಂಗಸೊಬ್ಬಳು ಕಿಟಕಿಯಲ್ಲಿದ್ದ ಇಬ್ಬರನ್ನೂ ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಕೈ ಎತ್ತಿದಳು. ಯಾರಿಗೆ ಎಂದು ತಿಳಿಯದೆ, ಇಬ್ಬರೂ ಕೈ ಎತ್ತಿದರು.