ಮುಚ್ಚಳ ತೆಗೆದಿಟ್ಟ ಸೀಸೆ

"ಅಜ್ಜೀ, ಪ್ರಸಾದ," ಎಂದು ಕೃತ್ತಿಕಾ ಜಡೆ ಎತ್ತಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಕುತ್ತಿಗೆ ಮುಂದೆ ಮಾಡಿದಳು. ಸೀಸೆಯಿಂದ ಬೆರಳಿಗೆ ಹನಿ ತೆಗೆದುಕೊಂಡಿದ್ದ ವೇದವತಿಯ ಕೈ ಅಲ್ಲೇ ನಿಂತಿತು. ಮೊಮ್ಮಗಳ ಕಿವಿಯ ಹಿಂದೆ ಉಗುರಿನಷ್ಟಿದ್ದ ಕೆಂಪು ಈಗ ಕುತ್ತಿಗೆಯವರೆಗೂ ಇಳಿದಿತ್ತು. ಸರಿಯಾಗಿ ಅವಳ ಅಮ್ಮ ಗೋಪಿಕಾ ಮುತ್ತು ಕೊಡುತ್ತಿದ್ದ ಜಾಗ ಅದು. ಆದರೂ ವೇದವತಿ ಅಲ್ಲಿಗೇ ಒಂದು ಹನಿ ಸವರಿದಳು.

ಗೋಪಿಕಾ ವೇದವತಿಯ ಒಬ್ಬಳೇ ಮಗಳು. ಕೊಯಮತ್ತೂರಿನ ಹತ್ತಿರದ ಪೆರಿಯನಾಯಕನಪಾಳ್ಯದಲ್ಲಿ ಸೋಪು, ಊದುಬತ್ತಿಗಳಿಗೆ ಸುವಾಸನೆ ಬೆರೆಸಿಕೊಡುವ ಕಂಪನಿಯೊಂದರಲ್ಲಿ ಕೆಮಿಸ್ಟ್ ಆಗಿದ್ದಳು. ಸಂಜೆ ಅವಳು ಬರುವಾಗ ಗೇಟಿನ ಸದ್ದಿಗಿಂತ ಮೊದಲು ಅವಳ ಪರಿಮಳ ಮನೆಯೊಳಗೆ ಬರುತ್ತಿತ್ತು. ಹೋದ ಮಳೆಗಾಲದಲ್ಲಿ ಹಿಡಿದ ಜ್ವರ ಅವಳನ್ನು ಬಿಡಲೇ ಇಲ್ಲ, ಕರೆದುಕೊಂಡೇ ಹೋಯಿತು. ಉಳಿದದ್ದು ಅವಳ ಕೈಚೀಲದಲ್ಲಿದ್ದ ಕಂದು ಗಾಜಿನ ಸೀಸೆ, ಅದರಲ್ಲಿ ಅವಳು ತನಗಾಗಿ ತಾನೇ ಬೆರೆಸಿಕೊಂಡಿದ್ದ ಎಣ್ಣೆ.

ಈ ಮನೆತನ ಕೊಯಮತ್ತೂರಿಗೆ ಬಂದು ಎಷ್ಟೋ ತಲೆಮಾರಾಗಿ, ಮಾತಿನಲ್ಲಿ ತಮಿಳು ಬೆರೆತು, ಕನ್ನಡ ಓದುವುದನ್ನೇ ಮರೆತಿತ್ತು. ನೈವೇದ್ಯದ ನೇಮವನ್ನು ಮಾತ್ರ ಮರೆತಿರಲಿಲ್ಲ. ಮುಚ್ಚಿಟ್ಟ ಪಾತ್ರೆಗೆ ದೇವರೂ ಬರುವುದಿಲ್ಲ, ಹಿರಿಯರೂ ಬರುವುದಿಲ್ಲ. ಹಾಗಾಗಿ ವೇದವತಿ ದಿನಾ ಸಂಜೆ ಮಗಳ ಫೋಟೋದ ಮುಂದೆ ದೀಪ ಹಚ್ಚಿ, ಸೀಸೆಯ ಮುಚ್ಚಳ ತೆಗೆದಿಟ್ಟು, ದೀಪ ಆರಿದ ಮೇಲೆಯೇ ಮುಚ್ಚುತ್ತಿದ್ದಳು. ನೈವೇದ್ಯವಾದದ್ದು ಪ್ರಸಾದ, ಮಗುವಿಗೂ ಒಂದು ಹನಿ.

ಮುಚ್ಚಳ ತೆಗೆದರೆ ಗೋಪಿಕಾ ಬರುತ್ತಿದ್ದಳು. ಬಾಗಿಲ ಪರದೆ ಅಲುಗುತ್ತಿತ್ತು, ಹೊಸ್ತಿಲಾಚೆ ಚಪ್ಪಲಿ ಬಿಟ್ಟ ಸದ್ದಾಗುತ್ತಿತ್ತು. ಅಡುಗೆಮನೆಯಲ್ಲಿದ್ದ ವೇದವತಿ ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಹೋಗಿಬಿಟ್ಟಾಳು ಎಂಬ ಹೆದರಿಕೆ. ಆದರೆ ಈಚೆಗೆ ಆ ಪರಿಮಳದಲ್ಲಿ ಏನೋ ಕಟು ಸೇರಿತ್ತು. ಮಗಳು ಸಿಟ್ಟಾಗಿದ್ದಾಳೆ ಎಂದುಕೊಂಡಳು. ಅದರ ಬೆನ್ನಿಗೇ ಮಗುವಿನ ಮೈಮೇಲೆ ಕೆಂಪು ಕಾಣಿಸಿತು. ದೃಷ್ಟಿಯಿರಬೇಕೆಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರೆ, ಘಾಟಿಗೆ ಅಕ್ಕಪಕ್ಕದ ಮನೆಯವರೆಲ್ಲ ಕೆಮ್ಮಿದರು. ದೃಷ್ಟಿಯಾಗಿದ್ದರೆ ಘಾಟೇ ಬರಬಾರದು. ಹಾಗಾದರೆ ಮಗುವನ್ನು ಮುಟ್ಟುತ್ತಿರುವವಳು ಗೋಪಿಕಾಳೇ. ಮಗಳನ್ನು ತನ್ನ ಜೊತೆ ಕರೆದುಕೊಂಡು ಹೋಗಲು ಬರುತ್ತಿದ್ದಾಳೆಯೇ? ಹೆತ್ತ ಮಗಳಿಗೇ ಹೆದರುವಂತಾಯಿತಲ್ಲ ಎಂದು ವೇದವತಿ ಅತ್ತಳು. ಮಗಳು ಬರಬೇಕು, ಮೊಮ್ಮಗಳು ಉಳಿಯಬೇಕು. ಮುಚ್ಚಳ ತೆಗೆಯದೆ ಇರಲು ಮಾತ್ರ ಅವಳಿಂದ ಆಗಲಿಲ್ಲ.

ಕೆಂಪಿನ ಮೇಲೆ ಹನಿ ಸವರಿದ ಅವತ್ತು ಶನಿವಾರ. ಅಳಿಯ ಮಾಧವ್ ತಿರುಪ್ಪೂರಿನಿಂದ ಬೇಗನೆ ಬಂದುಬಿಟ್ಟ. ಮೈಸೂರಿನವನು, ಹೆಂಡತಿಯ ಜೊತೆ ಅದೇ ಕಂಪನಿಯಲ್ಲಿದ್ದವನು. ಅವಳು ಹೋದಮೇಲೆ ಆ ವಾಸನೆಗಳ ನಡುವೆ ನಿಲ್ಲಲಾರದೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಲ್ಯಾಬ್ ಸೇರಿದ್ದ. ವಾರವಾರವೂ ದೀಪ ಆರಿದ ಮೇಲೆಯೇ ಬರುತ್ತಿದ್ದವನು ಇಂದು ಆ ಕಟು ವಾಸನೆಗೆ ಹೊಸ್ತಿಲಲ್ಲೇ ತಡೆದು ನಿಂತ. ಮಗುವಿನ ಕುತ್ತಿಗೆ ನೋಡಿದ. ಆಮೇಲೆ ಸೀಸೆ ಎತ್ತಿ ಮೂಸಿ ಮುಖ ಹಿಂಡಿದ.

"ಅತ್ತೆ, ಇದನ್ನ ದಿನಾ ತೆರೆದಿಡ್ತೀರಾ?"

"ಮತ್ತೆ? ಮೂಡಿ ಹಾಕಿ ಮುಚ್ಚಿಟ್ರೆ ಅವಳು ಹೆಂಗೆ ಬರ್ತಾಳೆ?"

"ಮಗುಗೂ ಹಚ್ತೀರಾ?"

"ಒಂದೇ ಒಂದು ಸೊಟ್ಟು, ಬೆರಳ ತುದಿಗೆ ಬರೋ ಹನಿ. ಪ್ರಸಾದ ಅಲ್ವಾ, ಇಲ್ಲ ಅನ್ನಕ್ಕಾಗುತ್ತಾ?"

ಮಾಧವ್ ಸೀಸೆಯನ್ನು ದೀಪದಿಂದ ದೂರ ಸರಿಸಿಟ್ಟ. "ಅತ್ತೆ, ಇದರಲ್ಲಿ ಲಿನಲೂಲ್ ಅಂತ ಇರುತ್ತೆ. ಅದೊಂಥರಾ ಆಲ್ಕೋಹಾಲ್."

"ಶಿವಶಿವಾ! ಸಾರಾಯಾ?"

"ಕುಡಿಯೋದಲ್ಲ ಅತ್ತೆ. ತುಳಸೀಲಿ, ಮಲ್ಲಿಗೇಲಿ, ನೀವು ಸಾರಿನ ಪುಡಿಗೆ ಹುರಿಯೋ ಕೊತ್ತಂಬರಿ ಬೀಜದಲ್ಲೂ ಇರೋದೇ. ಹೊಸದಾಗಿದ್ದಾಗ ಸಾಧು. ಗಾಳಿ ತಾಗ್ತಾ ತಾಗ್ತಾ ಕೆಡುತ್ತೆ, ಆಮೇಲೆ ಕೆಲವರ ಚರ್ಮಕ್ಕೆ ಆಗಲ್ಲ. ಹೊಸಬರು ಬಂದರೆ ಗೋಪಿಕಾನೇ ಹೇಳ್ಕೊಡ್ತಿದ್ದಳು, ಮುಚ್ಚಳ ಬಿಗಿಯಾಗಿ ಹಾಕಿ, ಬಿಸಿಲು ಬೆಂಕಿಯಿಂದ ದೂರ ಇಡಿ ಅಂತ. ನೀವು ದೀಪದ ಪಕ್ಕಾನೇ ಇಟ್ಟಿದ್ದೀರಿ."

ಹಾಗಾದರೆ ಆ ಕಟು ಅವಳ ಸಿಟ್ಟಲ್ಲ. ವೇದವತಿಯ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಕ್ಷಣವೇ ಇನ್ನೊಂದು ಹೊಳೆಯಿತು. ಸಿಟ್ಟು ಅವಳದಲ್ಲದಿದ್ದರೆ, ಬರುತ್ತಿದ್ದವಳೂ ಅವಳಲ್ಲ. ಪರದೆ ಅಲುಗಿಸಿದ್ದು ಬರೀ ಗಾಳಿ. ಅದೇ ಗಾಳಿ ಮಗಳು ಬಿಟ್ಟುಹೋದದ್ದನ್ನು ದಿನಾ ಇಷ್ಟಿಷ್ಟೇ ಕೆಡಿಸಿದೆ, ತಾನೇ ಬಾಗಿಲು ತೆರೆದು ಅದನ್ನು ಒಳಗೆ ಕರೆದಂತೆ.

ಅವಳು ಮಗುವನ್ನು ಮಡಿಲಿಗೆ ಎಳೆದುಕೊಂಡಳು. "ಅರಿಪ್ಪು ಇತ್ತಾ ಕಂದಾ, ತುರಿಸ್ತಿತ್ತಾ?"

"ಉರೀತಿತ್ತು."

"ಅಯ್ಯೋ, ಯಾಕೆ ಹೇಳ್ಲಿಲ್ಲ?"

"ಅಮ್ಮ ಮುತ್ತು ಕೊಟ್ಟಾಗ ಉರಿಯುತ್ತೆ ಅಂತ ನೆನ್ಚ್ಕೊಂಡೆ," ಎಂದಳು ಕೃತ್ತಿಕಾ. "ಬೇಡ ಅಂದ್ರೆ ನೀನು ಅಳ್ತೀಯಲ್ಲ ಅಜ್ಜಿ."

ಮಾಧವ್ ಗೋಡೆಯ ಕಡೆ ತಿರುಗಿ ನಿಂತ. ವೇದವತಿ ಎದ್ದು ಹೋಗಿ, ದೀಪ ಇನ್ನೂ ಉರಿಯುತ್ತಿರುವಾಗಲೇ ಸೀಸೆಗೆ ಮುಚ್ಚಳ ಹಾಕಿ, ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ತಿರುಗಿಸಿದಳು. "ಕೊಂಡೋಗ್ಬಿಡಿ ಮಾಧವ್. ಎಲ್ಲಿಗೆ ಅಂತ ನಂಗೆ ಹೇಳಬೇಡಿ," ಎಂದು ಅವನ ಕೈಗಿಟ್ಟಳು. ಅವನು ಅದನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ತಳದಲ್ಲಿಟ್ಟು, ಮಗುವನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಮರುದಿನ ಮಧ್ಯಾಹ್ನ ಊಟ ಮುಗಿಸಿ ತಿರುಪ್ಪೂರಿನ ಬಸ್ಸು ಹತ್ತಿದ.

ಅಂದು ಸಂಜೆ ವೇದವತಿ ದೀಪ ಹಚ್ಚಿದಳು. ಸೀಸೆಯಿದ್ದ ಜಾಗದಲ್ಲಿ ಎಣ್ಣೆಯ ದುಂಡನೆಯ ಗುರುತು ಮಾತ್ರ ಉಳಿದಿತ್ತು. ಪರದೆ ಅಲುಗಿತು. ಈ ಸಲ ಅವಳು ತಿರುಗಿ ನೋಡಿದಳು. ಹೊಸ್ತಿಲು ಖಾಲಿಯಿತ್ತು. ಮಗಳನ್ನು ಎರಡನೇ ಸಲ ಕಳಿಸಿಕೊಟ್ಟಂತಾಯಿತು ಅವಳಿಗೆ.

ಆಡುತ್ತಿದ್ದ ಕೃತ್ತಿಕಾ ದೀಪ ಕಂಡು ಓಡಿ ಬಂದಳು. ಅಭ್ಯಾಸದಂತೆ ಜಡೆ ಎತ್ತಿ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿಕೊಂಡು ಕುತ್ತಿಗೆ ಮುಂದೆ ಮಾಡಿದಳು. "ಪ್ರಸಾದ ಅಜ್ಜಿ."

ವೇದವತಿಯ ಕೈಯಲ್ಲಿ ಏನೂ ಇರಲಿಲ್ಲ. ಬಗ್ಗಿ, ಆ ಕೆಂಪಿನ ಮೇಲೆ ಮೆಲ್ಲಗೆ ಉಸಿರು ಊದಿದಳು. ಕಿವಿಯವರೆಗೆ ಎತ್ತಿಕೊಂಡಿದ್ದ ಪುಟ್ಟ ಹೆಗಲು ನಿಧಾನವಾಗಿ ಕೆಳಗಿಳಿಯಿತು.

"ಅಜ್ಜೀ," ಮಗು ಒಂದು ಕಣ್ಣು ತೆರೆಯಿತು. "ಇವತ್ತು ಅಮ್ಮ ಉರಿಸಲೇ ಇಲ್ಲ!"

ಅಷ್ಟು ಹೇಳಿ ಅವಳು ಆಡಲು ಓಡಿದಳು. ಆ ಓಟಕ್ಕೆ ಬಳುಕಿದ ದೀಪ ಸ್ವಲ್ಪ ಹೊತ್ತಿಗೆ ಮತ್ತೆ ನೆಟ್ಟಗೆ ನಿಂತಿತು.